ಮೂರ್ತಪ್ಪನ ಗೆದ್ದ ಕಾರು

ತುಂಬಿದ ಬಸ್ಸನ್ನು ನಡುದಾರಿಯಲ್ಲಿ ನಿಲ್ಲಿಸಿ ಡ್ರೈವರು ಇಳಿದುಹೋದರೆ ಬೈಗುಳ ತಿನ್ನಬೇಕಾದವನು ಕಂಡಕ್ಟರು. ಆ ದಿನ ನಾನು ತಿಂದ ಬೈಗುಳ ಇನ್ನೂ ಅರಗಿಲ್ಲ. ಎಪ್ಪತ್ಮೂರನೇ ಇಸವಿ, ಸುಗ್ಗಿ ಮುಗಿದ ಕಾಲ. ಹೊಸದುರ್ಗದಿಂದ ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಹೋಗುವ ನಮ್ಮ ಖಾಸಗಿ ಬಸ್ಸು, ದುರ್ಗ ಇನ್ನೇನು ಬಂತು ಎನ್ನುವಾಗ ಗಕ್ಕನೆ ನಿಂತಿತು. ಡ್ರೈವರ್ ಮೂರ್ತಪ್ಪ ಚಾವಿ ಕಿತ್ತು ಜೇಬಿಗೆ ಹಾಕಿಕೊಂಡು ರಸ್ತೆ ಪಕ್ಕದ ಬಯಲಿನ ಕಡೆ ನಡೆದೇಬಿಟ್ಟ. ಬಸ್ಸಿನಲ್ಲಿ ಕೋರ್ಟಿಗೆ ಹೊರಟವರಿದ್ದರು, ಆಸ್ಪತ್ರೆಗೆ ಹೊರಟವರಿದ್ದರು. ಎಲ್ಲರೂ ನನ್ನ ಅಪ್ಪ ಅಮ್ಮನನ್ನು ನೆನೆಸಿಕೊಂಡರು.

ನಾನು ಅವನ ಹಿಂದೆಯೇ ಓಡಿದೆ. ಬಯಲಿನಲ್ಲಿ ಸುಣ್ಣ ಬಳಿದ ಟಾರಿನ ಡ್ರಮ್ಮುಗಳನ್ನು ಅಲ್ಲೊಂದು ಇಲ್ಲೊಂದು ನಿಲ್ಲಿಸಿದ್ದರು. ಒಂದು ಕಾರು ಆ ಡ್ರಮ್ಮುಗಳನ್ನು ಬಳಸಿಕೊಂಡು, ಧೂಳೆಬ್ಬಿಸಿಕೊಂಡು, ಒಂಟಿಯಾಗಿ ಓಡುತ್ತಿತ್ತು. ಪಕ್ಕದಲ್ಲಿ ಒಬ್ಬಾತ ಗಡಿಯಾರ ಹಿಡಿದು ನಿಂತಿದ್ದ. ಅದಕ್ಕೆ ಆಟೋಕ್ರಾಸ್ ಎನ್ನುತ್ತಾರೆಂದು ಅಲ್ಲಿದ್ದವರು ಹೇಳಿದರು. ದುರ್ಗ, ದಾವಣಗೆರೆಯ ಅನುಕೂಲಸ್ಥರ ಮಕ್ಕಳು ಸೇರಿ ಮಾಡಿಕೊಂಡ ಕ್ಲಬ್ಬಂತೆ. ಕಾರುಗಳು ಒಟ್ಟಿಗೆ ಓಡುವುದಿಲ್ಲ. ಒಂದಾದ ಮೇಲೆ ಒಂದು ಕಣಕ್ಕಿಳಿಯಬೇಕು. ಒಬ್ಬೊಬ್ಬರಿಗೆ ಎರಡೆರಡು ಸುತ್ತು, ಅದರಲ್ಲಿ ಬೇಗ ಮುಗಿಸಿದ್ದು ಯಾವುದೋ ಅದು ಲೆಕ್ಕಕ್ಕೆ. ಡ್ರಮ್ಮಿಗೆ ತಗುಲಿಸಿದರೆ ದಂಡವಾಗಿ ಇನ್ನಷ್ಟು ಹೊತ್ತು ಸೇರಿಸುತ್ತಾರೆ. ಪಂದ್ಯದ ಕಾರೆಂದು ಬೇರೆ ಬೇಕಾಗಿಲ್ಲ. ದಿನಾ ರಸ್ತೆಯಲ್ಲಿ ಓಡಿಸುವ ಕಾರೇ ಆಗಬೇಕು, ನಂಬರ್ ಪ್ಲೇಟು, ತೆರಿಗೆ, ದೀಪ, ಹಾರ್ನು ಎಲ್ಲ ಸರಿಯಿರಬೇಕು.

"ಲೈಸೆನ್ಸ್ ಇದ್ರೆ ಸಾಕಾ ಸ್ವಾಮಿ? ಮತ್ತೇನೂ ಓದಿರಬೇಕಾಗಿಲ್ವಾ?" ಎಂದು ಮೂರ್ತಪ್ಪ ಕೇಳಿದ. ಸಾಕು ಎಂದರು. ಅವನು ಮತ್ತೊಮ್ಮೆ ಕೇಳಿದ. ನಾನು ರಟ್ಟೆ ಹಿಡಿದು ಎಳೆದುಕೊಂಡು ಬಂದೆ.

"ಗೋವಿಂದಪ್ಪ, ನಾನೂ ಒಂದು ಕಾರು ತಗಂತೀನಿ" ಎಂದ, ಸ್ಟೇರಿಂಗ್ ಮುಂದೆ ಕೂರುತ್ತಾ.

"ಮೊದ್ಲು ಈ ಬಸ್ಸು ತಗಂಡು ಹೊರಡಪ್ಪ. ಇಲ್ಲಾಂದ್ರೆ ಇವರು ನನ್ನ ಚರ್ಮ ಸುಲೀತಾರೆ" ಎಂದೆ ನಾನು.

ಮೂರ್ತಪ್ಪ ಬಾಗೂರಿನ ಕುರುಬರ ಮನೆಯವನು. ಮೀಸೆ ಮೂಡುವ ವಯಸ್ಸಿಗೇ ಲಾರಿ ಹತ್ತಿದವನು, ಆಮೇಲೆ ಬಸ್ಸು. ಅವನ ಕೈ ಎಂಥದ್ದೆಂದು ಪಕ್ಕದಲ್ಲಿದ್ದ ನನಗೆ ಗೊತ್ತಿತ್ತು, ಮಿಕ್ಕವರಿಗೆ ಗೊತ್ತಾಗುವ ಸಂಭವವೇ ಇರಲಿಲ್ಲ. ನಮ್ಮ ಮಾಲೀಕರು ಡೀಸೆಲ್ ಉಳಿಸು ಎಂದು ಪ್ರಾಣ ತಿನ್ನುತ್ತಿದ್ದರು. ಟಾಪಿನ ಮೇಲೆ ಕಾಯಿ ಮೂಟೆ, ಹೋತ, ಸೈಕಲ್ಲು. ಒಳಗೆ ಉಸಿರಾಡಲು ಜಾಗವಿಲ್ಲದಷ್ಟು ಜನ. ಕೈ ತೋರಿಸಿದಲ್ಲೆಲ್ಲ ನಿಲ್ಲಿಸಬೇಕು. ಅಂಥ ಬಸ್ಸಿನಲ್ಲಿ ಯಾರ ಕೈಚಳಕ ತಾನೇ ಹೊರಬಂದೀತು! ಅದೇ ವಾರ ಹೊಳಲ್ಕೆರೆ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಾ ಅವನು ಅಂದ ಮಾತು ನನಗೆ ಈಗಲೂ ಹಾಗೇ ಕೇಳಿಸುತ್ತದೆ. "ಯಾರನ್ನೂ ಕೂರಿಸ್ಕಳ್ದಂಗೆ, ಯಾರಿಗೂ ನಿಲ್ಸದಂಗೆ ಒಂದ್ಸಲ ಓಡಿಸ್ಬೇಕು ಕಣಪ್ಪ. ಈ ಕೈಗೆ ಎಷ್ಟು ಬರ್ತೈತೆ ಅಂತ ನಂಗೇ ಗೊತ್ತಿಲ್ಲ. ಸಾಯೋದ್ರೊಳಗೆ ಗೊತ್ತಾಗ್ಬೇಕು."

ಆ ವರ್ಷವೆಲ್ಲ ಅವನಿಗೆ ಕಾರಿನ ಹುಚ್ಚು. ಬಸ್ಸು ಎಲ್ಲಿ ನಿಂತರೂ ಇಳಿದು, ಅಕ್ಕಪಕ್ಕ ನಿಂತ ಕಾರುಗಳ ಕೆಳಗೆ ತಲೆ ತೂರಿಸುತ್ತಿದ್ದ. ಅಂಬಾಸಿಡರು ನಮ್ಮ ಯೋಗ್ಯತೆಗೆ ಮೀರಿದ್ದು ಎಂದು ಬಿಟ್ಟ. ಫಿಯೆಟ್ಟು ಹಳೆಯದಾದರೂ ಮಾರುವವನು ಹೊಸದರ ಗತ್ತಿನಲ್ಲೇ ಬೆಲೆ ಹೇಳುತ್ತಿದ್ದ. ಮಿಲಿಟರಿಯವರು ಹರಾಜು ಹಾಕಿದ ಜೀಪು ಅಗ್ಗಕ್ಕೆ ಸಿಗುವಂತಿತ್ತು, ಆದರೆ ಅದು ಎತ್ತರ. ಡ್ರಮ್ಮು ಬಳಸುವಾಗ ಮಗುಚಿಕೊಂಡರೆ ನಗೆಪಾಟಲು. ಕಾರು ಹಗುರವಾಗಿರಬೇಕು, ಚಿಕ್ಕ ಜಾಗದಲ್ಲಿ ತಿರುಗಬೇಕು, ಪೆಟ್ರೋಲು ಕಡಿಮೆ ಕುಡಿಯಬೇಕು, ಕೆಟ್ಟರೆ ದುರ್ಗದಲ್ಲೇ ಸಾಮಾನು ಸಿಗಬೇಕು, ಪಂದ್ಯ ಮುಗಿಸಿ ಬಾಗೂರಿನ ತನಕ ತಾನೇ ಓಡಿಕೊಂಡು ಬರಬೇಕು. ಹೆಣ್ಣು ಹುಡುಕುವವರೂ ಇಷ್ಟು ಯೋಚಿಸುವುದಿಲ್ಲ ಎಂದು ನಾನು ರೇಗಿಸುತ್ತಿದ್ದೆ.

ಕೊನೆಗೆ ಹೊಳಲ್ಕೆರೆಯಲ್ಲಿ ಸಿಕ್ಕಿತು. ತೀರಿಹೋದ ಡಾಕ್ಟರೊಬ್ಬರ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು, ಎರಡೇ ಬಾಗಿಲಿನದು. ಡಾಕ್ಟರ ಹೆಂಡತಿ ಚಂದ್ರಕ್ಕ ಅದನ್ನು ಗೋಣಿತಾಟು ಹೊದಿಸಿ ಇಟ್ಟಿದ್ದರು. ನೋಡಿಕೊಂಡು ಓಡಿಸುವವರಿಗಾದರೆ ಕೊಡುತ್ತೇನೆ ಎಂದರು. ಅವರ ಮನೆ ಮುಂದಿನ ಓಣಿಯಲ್ಲಿ ಎತ್ತಿನ ಗಾಡಿ ತಿರುಗಿಸಬೇಕಾದರೆ ಕೊಳ್ಳು ಹರಿದು ಎತ್ತು ಬಿಚ್ಚಿ, ಮೂಕಿ ಹಿಡಿದು ಕೈಯಲ್ಲೇ ಎಳೆಯಬೇಕು. ಅಲ್ಲಿ ಮೂರ್ತಪ್ಪ ಆ ಕಾರನ್ನು ಹಿಂದಕ್ಕೂ ಬಿಡದೆ ಒಂದೇ ಸಲಕ್ಕೆ ತಿರುಗಿಸಿ ತಂದ. ಇಳಿದಾಗ ಅವನ ಮುಖದಲ್ಲಿದ್ದ ಸಂತೋಷವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ಸರಿ, ವೀಳ್ಯ ತಗಂಡುಬಿಡು" ಎಂದೆ.

"ಅಣ್ಣ ಬರಬೇಕಲ್ಲ" ಎಂದ.

ಅಲ್ಲಿಗೆ ಅವನ ಹಣೆಬರಹ ತೀರ್ಮಾನವಾಯಿತೆಂದು ನನಗೆ ಆಗ ಹೊಳೆಯಲಿಲ್ಲ.

ಅಣ್ಣನೆಂದರೆ ದೊಡ್ಡತಿಮ್ಮಪ್ಪ. ಅಪ್ಪ ಸತ್ತ ಮೇಲೆ ಮೂರ್ತಪ್ಪನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು. ಹಟ್ಟಿ ತುಂಬ ಕುರಿ. ಇಡೀ ಹೊಸದುರ್ಗ ತಾಲೂಕಿನಲ್ಲಿ ಟಗರು ಆರಿಸುವುದರಲ್ಲಿ ಅವನನ್ನು ಬಿಟ್ಟರಿಲ್ಲ. ಬಾಗೂರಿನಿಂದ ಮತ್ತೋಡಿನವರೆಗೆ ಯಾರು ಕಾಳಗದ ಟಗರು ಕೊಂಡರೂ ದೊಡ್ಡತಿಮ್ಮಪ್ಪ ಬಂದು ಒಮ್ಮೆ ಕಣ್ಣು ಹಾಯಿಸಬೇಕು. ಅವನು ತಲೆಯಾಡಿಸಿದರೆ ಟಗರಿನ ಬೆಲೆ ಏರುತ್ತಿತ್ತು. ಆ ಮನೆಯಲ್ಲಿ ವ್ಯಾಪಾರವೆಂದರೆ ಹಿರಿಯನೇ ಮಾರುವವನ ಕೈ ಹಿಡಿದು, ಮೇಲೆ ಟವೆಲ್ಲು ಹೊದಿಸಿ, ಬೆರಳು ಒತ್ತಿ ಬೆಲೆ ಕುದುರಿಸಬೇಕು. ಹಾಗಲ್ಲದೆ ಆ ಹಟ್ಟಿಗೆ ನಾಲ್ಕು ಕಾಲಿನದು ಯಾವುದೂ ಬಂದಿರಲಿಲ್ಲ. ನಾಲ್ಕು ಚಕ್ರದ್ದು ಬರುವುದಾದರೂ ಹೇಗೆ? ಜೊತೆಗೆ ಹಣ ಬರಬೇಕಾದದ್ದೂ ಒಟ್ಟು ಮನೆಯ ಕುರಿ ಮಾರಿಯೇ.

ದೊಡ್ಡತಿಮ್ಮಪ್ಪ ಕರಿ ಕಂಬಳಿ ಹೆಗಲಿಗೇರಿಸಿ ನಮ್ಮ ಬಸ್ಸಿನಲ್ಲೇ ಹೊಳಲ್ಕೆರೆಗೆ ಬಂದ. ಹೆರಾಲ್ಡಿನ ಸುತ್ತ ಎಡದಿಂದ ಒಮ್ಮೆ, ಬಲದಿಂದ ಒಮ್ಮೆ ನಡೆದ. ಸೊಂಟದಿಂದ ಒಂದು ಗುದ್ದು ಕೊಟ್ಟ. ಕಾರು ಅಲ್ಲಾಡಿತು.

"ಕಾಲು ನಿಲ್ಲಲ್ಲ ಇದಕ್ಕೆ" ಎಂದ.

ಇಂಜಿನ್ ತೋರಿಸೋಣವೆಂದು ಮೂರ್ತಪ್ಪ ಬಾನೆಟ್ ಎತ್ತಿದ. ಹೆರಾಲ್ಡಿನ ಬಾನೆಟ್ಟು ಬೇರೆ ಕಾರಿನ ಹಾಗಲ್ಲ. ದೀಪ, ಮಡ್‌ಗಾರ್ಡು ಸಮೇತ ಇಡೀ ಮುಂಭಾಗವೇ ಮುಂದಕ್ಕೆ ಮಗುಚಿ ನಿಲ್ಲುತ್ತದೆ. ದೊಡ್ಡತಿಮ್ಮಪ್ಪ ಎರಡು ಹೆಜ್ಜೆ ಹಿಂದೆ ಸರಿದ.

"ಲೇ ತಮ್ಮ, ಇದೇನಲೇ? ಮೂತಿನೇ ಕಳಚ್ಕಂಡು ನಿಂತೈತೆ! ಇಂಥದ್ದನ್ನ ಕಣಕ್ಕೆ ಇಳಿಸ್ತೀಯಾ? ಎದುರಾಳಿ ಒಂದು ಗುದ್ದು ಕೊಟ್ರೆ ಏನು ಉಳೀತೈತೆ?"

"ಗುದ್ದೋದಿಲ್ಲಣ್ಣ. ಬರೀ ಓಡೋದು. ಒಂದೇ ಓಡೋದು" ಎಂದ ಮೂರ್ತಪ್ಪ.

"ಒಂದೇ ಓಡಿದ್ರೆ ಅದೆಂಥ ಪಂದ್ಯವೋ? ಯಾರೋ ನಿಂಗೆ ಅರ್ಧ ಹೇಳವ್ರೆ. ಕಣ ಅಂದ್ಮೇಲೆ ಎದುರಾಳಿ ಇರ್ತಾನೆ. ಹಣೆ ಅಗಲ ಇರಬೇಕು, ಎದೆ ತುಂಬಿರಬೇಕು, ನಿಂತ್ರೆ ನೆಲ ಹಿಡೀಬೇಕು."

ಚಂದ್ರಕ್ಕ ತಂದ ಕಾಫಿ ಕುಡಿದು, "ತಾಯಿ, ನಿಮ್ಮ ಮನೆಯೋರ ನೆನಪಿನ ಗಾಡಿ, ನಿಮ್ಮ ಹತ್ರನೇ ಇರ್ಲಿ" ಎಂದು ಬಹಳ ಮರ್ಯಾದೆಯಿಂದ ಹೇಳಿ ಎದ್ದ. ಮೂರ್ತಪ್ಪ ಬಾನೆಟ್ಟನ್ನು ಮೆಲ್ಲಗೆ ಮುಚ್ಚಿ, ಗೋಣಿತಾಟು ಹೊದಿಸಿ ಬಂದ.

ಅಷ್ಟರಲ್ಲಿ ಪೆಟ್ರೋಲಿನ ಬೆಲೆ ಆಕಾಶಕ್ಕೇರಿತ್ತು. ದೊಡ್ಡ ಕಾರು ಇಟ್ಟುಕೊಂಡವರೆಲ್ಲ ಯಾರಿಗಾದರೂ ಕಟ್ಟಿ ಕೈತೊಳೆದುಕೊಳ್ಳಲು ಕಾಯುತ್ತಿದ್ದರು. ಹಿರಿಯೂರಿನಲ್ಲಿ ಹತ್ತಿ ಜಿನ್ನಿಂಗ್ ಮಿಲ್ಲು ಇಟ್ಟಿದ್ದ ತಿಪ್ಪೇರುದ್ರಪ್ಪ ಅವರಲ್ಲೊಬ್ಬ. ಅವನದು ಡಾಜ್ ಕಿಂಗ್ಸ್‌ವೇ, ಹಳೇ ಅಮೆರಿಕನ್ ಕಾರು. ಊರಿನ ಅರ್ಧ ಜನ ಕೂರಬಹುದಾದಷ್ಟು ದೊಡ್ಡದು. ದೊಡ್ಡತಿಮ್ಮಪ್ಪ ಸೊಂಟದಿಂದ ಗುದ್ದಿದ, ಅದು ಮಿಸುಕಲಿಲ್ಲ. ಮೂತಿಯ ಮೇಲೆ ಅಂಗೈಯಿಟ್ಟು ಸವರಿದ. ಅವನ ಕಣ್ಣಿನಲ್ಲಿ ನೀರು ಬರುವುದೊಂದು ಬಾಕಿ.

"ಇದು ನೋಡಲೇ ಟಗರು ಅಂದ್ರೆ!"

ಟವೆಲ್ಲಿನ ಕೆಳಗೆ ಇಬ್ಬರ ಕೈಯೂ ಸೇರಿತು. ನಾನು ಮೂರ್ತಪ್ಪನ ಪಕ್ಕೆಗೆ ಮೊಣಕೈಯಿಂದ ತಿವಿದೆ. ಬಾಯಿ ಬಿಡೋ ಮಾರಾಯ, ಬೇಡ ಅನ್ನೋ ಎಂದು ಪಿಸುಗುಟ್ಟಿದೆ. ಹೆರಾಲ್ಡಿಗೂ ಇದಕ್ಕೂ ಬೆಲೆಯಲ್ಲಿ ಅಂಥ ವ್ಯತ್ಯಾಸವೇನೂ ಇರಲಿಲ್ಲ. ಇವನೊಂದು ಮಾತು ಆಡಿದ್ದರೆ ಸಾಕಾಗಿತ್ತು. ಅವನು ಆ ಟವೆಲ್ಲನ್ನೇ ನೋಡುತ್ತಾ ನಿಂತಿದ್ದ. ಅದು ಸರಿದಾಗ ತಿಪ್ಪೇರುದ್ರಪ್ಪ ನಗುತ್ತಿದ್ದ. ಎಲೆ ಅಡಿಕೆ ಬಂತು.

"ಅಣ್ಣ ಕೈ ಕೊಟ್ಟಾತು ಗೋವಿಂದಪ್ಪ. ಇನ್ನೇನು ಮಾತು?" ಎಂದ ಮೂರ್ತಪ್ಪ. ನನಗೆ ಅವನ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂದಿತ್ತು.

ಆದರೂ ಅವನು ಆಸೆ ಬಿಡಲಿಲ್ಲ. ಬಾಗೂರಿನ ಕೆರೆ ಒಣಗಿತ್ತು. ಅದರ ಅಂಗಳದಲ್ಲಿ ಕಲ್ಲು ಗುಡ್ಡೆ ಹಾಕಿ, ರಜೆಯ ದಿನ ಡಾಜನ್ನು ಸುತ್ತಿಸಿ ನೋಡಿದ. ಭಾರ ಇಳಿಯಲೆಂದು ಹಿಂದಿನ ಸೀಟು ಬಿಚ್ಚಿಟ್ಟರೆ, ಮೈ ಇಳಿದ ಟಗರು ಗೆಲ್ಲಲ್ಲ ಎಂದು ಅಣ್ಣ ಮತ್ತೆ ಹಾಕಿಸಿದ. ಮೂರು ಗೇರಿನ ಗಾಡಿ, ಗೇರಿನ ಕೋಲು ಸ್ಟೇರಿಂಗಿನ ಕೆಳಗೆ. ತಿರುವಿಗೆ ಕೊಟ್ಟರೆ ಸೀದಾ ಹೋಗುವುದೇ ಅದರ ಇಷ್ಟ. ಅದನ್ನೂ ಅವನು ಹೇಗೋ ಪುಸಲಾಯಿಸಿ, ಎರಡನೇ ಗೇರಿನಲ್ಲಿ ಹಿಂಭಾಗ ಜಾರಿಸಿ, ಬಳುಕಿಸುವುದು ಕಲಿಯುತ್ತಿದ್ದ. ಕೆಲವು ಸಲ ಬರುತ್ತಿತ್ತು, ಹೆಚ್ಚು ಸಲ ಬರುತ್ತಿರಲಿಲ್ಲ.

ಮರುವರ್ಷದ ಪಂದ್ಯದ ದಿನ ಡಾಜು ಕಣಕ್ಕೆ ಬಂದದ್ದು ಇಡೀ ಮನೆಯನ್ನು ಹೊತ್ತುಕೊಂಡು. ದೊಡ್ಡತಿಮ್ಮಪ್ಪ, ಅವನ ಹೆಂಡತಿ ತಿಪ್ಪಮ್ಮ, ಮಕ್ಕಳು, ಬೀಗರು, ಬುತ್ತಿ ಗಂಟು, ಜೊತೆಗೆ ನಾನು. ಬಂಪರಿಗೆ ಬೇವಿನ ಸೊಪ್ಪು, ನಿಂಬೆಹಣ್ಣು. ಕ್ಲಬ್ಬಿನವರು ನಂಬರು, ದೀಪ, ಹಾರ್ನು, ಬ್ರೇಕು ನೋಡಿದರು. ಎಲ್ಲ ಸರಿಯಿತ್ತು. ಡ್ರೈವರೊಬ್ಬನನ್ನು ಬಿಟ್ಟು ಮಿಕ್ಕವರು ಇಳಿಯಬೇಕು ಎಂದಾಗ ತಿಪ್ಪಮ್ಮನಿಗೆ ಬೇಜಾರಾಯಿತು.

ಮೂರ್ತಪ್ಪನ ಸರದಿ ಬಂತು. ಬಾವುಟ ಬಿತ್ತು. ಮೊದಲನೇ ಡ್ರಮ್ಮಿಗೇ ಡಾಜು ಅಗಲಕ್ಕೆ ಹೋಯಿತು. ಎರಡನೆಯದನ್ನು ಉರುಳಿಸಿತು. ಮೂರನೆಯದನ್ನು ಬಳಸಲಾಗದೆ ನಿಂತು, ಹಿಂದಕ್ಕೆ ಬಂದು, ಮತ್ತೆ ಮುಂದೆ ಹೋಗಬೇಕಾಯಿತು. ಮಣ್ಣು ಸಡಿಲವಿತ್ತು, ಕೆರೆ ಅಂಗಳದ ಹಾಗೆ ಗಟ್ಟಿಯಿರಲಿಲ್ಲ. ಕ್ಲಬ್ಬಿನ ಹುಡುಗರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ನನಗೆ ನೋಡಲಾಗಲಿಲ್ಲ. ಆದರೆ ಕೊನೆಯ ಎರಡು ಡ್ರಮ್ಮುಗಳ ಹತ್ತಿರ ಏನೋ ಆಯಿತು. ಅಷ್ಟು ದೊಡ್ಡ ಗಾಡಿ ಹಿಂಭಾಗವನ್ನು ಒಂದೇ ಸಮನೆ ಜಾರಿಸಿಕೊಂಡು ಒಂದನ್ನು ಬಳಸಿತು. ಇನ್ನೊಂದು ಮಗ್ಗುಲಿಗೆ ಬಳುಕಿ ಮತ್ತೊಂದನ್ನು ಬಳಸಿತು, ಗೆರೆ ದಾಟಿತು. ನಗು ನಿಂತಿತು. ಗಡಿಯಾರ ಹಿಡಿದವನೇ ತಲೆಯೆತ್ತಿ ನೋಡಿದ.

ಅವನು ತೆಗೆದುಕೊಂಡ ಹೊತ್ತನ್ನು ಕಪ್ಪು ಹಲಗೆಯ ಮೇಲೆ ಬರೆದರು. ಅಲ್ಲಿಯವರೆಗೆ ಓಡಿದವರಲ್ಲಿ ಎಲ್ಲರಿಗಿಂತ ಕೆಳಗೆ. ಮೂರ್ತಪ್ಪ ಅದರ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ತೋಳು ಹಿಡಿದುಕೊಂಡ.

"ಗೊತ್ತಾತು ಗೋವಿಂದಪ್ಪ. ಈ ಮಣ್ಣಾಗೆ ಹೆಂಗೆ ಅಂತ ಗೊತ್ತಾತು. ಗೆಲ್ಲಲ್ಲ, ಅದು ಬಿಡು. ಆದ್ರೆ ಮಧ್ಯಾಹ್ನದ ಸುತ್ತು ನೋಡು, ಮೊದ್ಲಿಂದ ಕೊನೆ ತನಕ ಅಂಗೇ ತರ್ತೀನಿ. ಈ ಕೈಗೆ ಎಷ್ಟು ಬರ್ತೈತೆ ಅಂತ ಇವತ್ತು ನೋಡೇಬಿಡ್ತೀನಿ."

ಅವನು ಇಷ್ಟು ಹೇಳುವಷ್ಟರಲ್ಲಿ ದೊಡ್ಡತಿಮ್ಮಪ್ಪ ಹಗ್ಗ ದಾಟಿ ಓಡಿ ಬಂದ. ಅವನ ಕೈಯಲ್ಲಿ ಎರಡು ಸೇವಂತಿಗೆ ಹಾರ. ತಮ್ಮನ ಕೊರಳಿಗೊಂದು, ಡಾಜಿನ ಮೂತಿಗೊಂದು ಹಾಕಿದ. ಮುದುಕನ ಕಣ್ಣಿಂದ ನೀರು ಸುರಿಯುತ್ತಿತ್ತು.

"ನೋಡಿದ್ರೇನ್ರೋ? ನಮ್ಮದು ಇಳಿದಾಗ ಎದುರಿಗೆ ಒಬ್ಬನಾದ್ರೂ ಬಂದ್ನಾ? ಒಬ್ಬನಾದ್ರೂ?"

ಟಗರಿನ ಕಾಳಗದಲ್ಲಿ ಹಾಗೊಂದು ಪದ್ಧತಿಯಿದೆ. ಕಣಕ್ಕಿಳಿದ ಟಗರನ್ನು ನೋಡಿ ಎದುರು ಯಾರೂ ತಮ್ಮದನ್ನು ಬಿಡದಿದ್ದರೆ ನಿಂತದ್ದೇ ಗೆದ್ದ ಹಾಗೆ. ಅದು ಗುದ್ದಿ ಗೆದ್ದದ್ದಕ್ಕಿಂತ ದೊಡ್ಡ ಗೆಲುವು. ಉಳಿದ ಕಾರುಗಳೂ ಒಂಟಿಯಾಗೇ ಓಡಿದ್ದನ್ನು ಅವನು ನೋಡಿರಲಿಲ್ಲ ಎಂದಲ್ಲ. ಅವೆಲ್ಲ ಮೈ ಕಾಯಿಸಿಕೊಳ್ಳುತ್ತಿವೆ ಎಂದುಕೊಂಡಿದ್ದ. ಸುತ್ತಮುತ್ತಲಿನ ಹಳ್ಳಿಗಳಿಂದ, ಮದಕರಿಪುರದಿಂದಲೂ ನೋಡಲು ಬಂದಿದ್ದ ಜನಕ್ಕೆ ಈ ಮಾತು ಸರಿಯೆನಿಸಿತು. ಅವರೂ ಸಿಳ್ಳೆ ಹಾಕಿದರು. ಗೆದ್ದ ಟಗರನ್ನು ಕಣದಲ್ಲಿ ನಿಲ್ಲಿಸಿಕೊಳ್ಳುವುದಿಲ್ಲ, ದೃಷ್ಟಿಯಾಗುತ್ತದೆಂದು ಕೂಡಲೇ ಹಟ್ಟಿಗೆ ಹೊಡೆದುಕೊಂಡು ಹೋಗುತ್ತಾರೆ. ತಿಪ್ಪಮ್ಮ ಆಗಲೇ ನಿಂಬೆಹಣ್ಣು ಇಳಿ ತೆಗೆಯುತ್ತಿದ್ದಳು.

"ಹತ್ರಿ ಹತ್ರಿ, ಊರಿಗೆ ಹೋಗಾಣ" ಎಂದ ದೊಡ್ಡತಿಮ್ಮಪ್ಪ.

ನನಗೆ ತಡೆಯಲಿಲ್ಲ. "ಯಜಮಾನ್ರೆ, ಇನ್ನೊಂದು ಸುತ್ತು ಐತೆ. ಅದೇ ಮುಖ್ಯ ಅವನಿಗೆ. ಸ್ವಲ್ಪ ತಡೀರಿ" ಎಂದೆ.

"ಗೆದ್ದದ್ದನ್ನ ಮತ್ತೆ ಕಣಕ್ಕೆ ಇಳಿಸ್ತಾರೇನಯ್ಯ? ಕಂಡಕ್ಟರ್ ಕೆಲಸ ಮಾಡು ನೀನು."

ನಾನು ಮೂರ್ತಪ್ಪನ ಮುಖ ನೋಡಿದೆ. ಅವನು ಅಣ್ಣನ ಮುಖ ನೋಡುತ್ತಿದ್ದ. ಗೆದ್ದಿಲ್ಲ ಎನ್ನಬೇಕಾದರೆ ಅಷ್ಟು ಜನರ ಮುಂದೆ ಅನ್ನಬೇಕು. ದೊಡ್ಡತಿಮ್ಮಪ್ಪ ಆರಿಸಿದ್ದು ಕೊನೆಯದಾಯಿತು ಎನ್ನಬೇಕು. ಹೊಸದುರ್ಗ ತಾಲೂಕಿನಲ್ಲಿ ಆ ಮುದುಕನಿಗೆ ಇದ್ದ ಆಸ್ತಿಯೆಂದರೆ ಆ ಕಣ್ಣೊಂದೇ. ಮೂರ್ತಪ್ಪ ಕೊರಳ ಹಾರ ಸರಿಮಾಡಿಕೊಂಡ. ಅಷ್ಟರಲ್ಲಿ ಮಕ್ಕಳು ಕಾರಿನೊಳಗೆ ತುಂಬಿಕೊಂಡಿದ್ದರು.

ನಾವು ಹೊರಡುವಾಗ ಕಣಕ್ಕೆ ಇಳಿದದ್ದು ಹೊಳಲ್ಕೆರೆಯ ಹೆರಾಲ್ಡು. ಹಿರಿಯೂರಿನ ಬ್ಯಾಂಕಿನ ನಾಗರಾಜಪ್ಪ ಎಂಬುವನು ಕೊಂಡಿದ್ದನಂತೆ. ಅವನೇನು ದೊಡ್ಡ ಡ್ರೈವರಲ್ಲ. ಕುತ್ತಿಗೆ ಮುಂದೆ ಚಾಚಿ, ಹೆದರಿ ಹೆದರಿ ಓಡಿಸುತ್ತಿದ್ದ. ಆದರೂ ಆ ಕಾರು ಡ್ರಮ್ಮಿನ ಕೊರಳಿಗೇ ಅಂಟಿಕೊಂಡು ತಿರುಗುತ್ತಿತ್ತು. ಅದು ಒಂದೊಂದು ಡ್ರಮ್ಮು ಬಳಸುವಾಗಲೂ ಡಾಜಿನ ಸ್ಟೇರಿಂಗಿನ ಮೇಲಿದ್ದ ಮೂರ್ತಪ್ಪನ ಕೈ ತಾನಾಗಿ ಒಂದಿಷ್ಟು ಆ ಕಡೆ, ಒಂದಿಷ್ಟು ಈ ಕಡೆ ತಿರುಗುತ್ತಿತ್ತು. ಹಿಂದೆ ಕೂತ ಬೀಗರು ಹೊಟ್ಟೆ ಹಸಿದಿದೆ ಎಂದರು. ಅವನು ಗಾಡಿ ಎಬ್ಬಿಸಿದ.

ಬಾಗೂರಿನಲ್ಲಿ ಆ ರಾತ್ರಿ ಒಂದು ಹೋತ ಬಿತ್ತು. ನಾನು ಉಣ್ಣದೆ ಎದ್ದು ಬಂದೆ.

ಮುಂದಿನ ವರ್ಷ ಕ್ಲಬ್ಬಿನವರು ಪಂದ್ಯ ನಡೆಸಲಿಲ್ಲ. ಪೆಟ್ರೋಲು ತುಟ್ಟಿ ಎಂದರು, ಆಮೇಲೆ ತುರ್ತು ಪರಿಸ್ಥಿತಿ ಬಂತು, ಹುಡುಗರು ಮದುವೆಯಾಗಿ ವ್ಯಾಪಾರಕ್ಕೆ ಕೂತರು. ಮೂರ್ತಪ್ಪ ದುರ್ಗಕ್ಕೆ ಹೋದಾಗಲೆಲ್ಲ ವಿಚಾರಿಸುತ್ತಿದ್ದ. ಆ ಬಯಲಿಗೆ ಯಾರೋ ಬೇಲಿ ಹಾಕಿದ ಮೇಲೆ ವಿಚಾರಿಸುವುದನ್ನೂ ಬಿಟ್ಟ.

ಆದರೆ ಗೆದ್ದ ಕಾರಿನ ಸುದ್ದಿ ಹಬ್ಬಿತ್ತು. ಗೆದ್ದ ಗಾಡಿಯಲ್ಲಿ ಮದುಮಕ್ಕಳು ಕೂತರೆ ಒಳ್ಳೆಯದಾಗುತ್ತದೆಂದು ನೆಂಟರೊಬ್ಬರು ಕೇಳಿದರು. ದೊಡ್ಡತಿಮ್ಮಪ್ಪ ಒಂದು ಕಾಸೂ ಮುಟ್ಟದೆ ಕಳಿಸಿದ. ಆಮೇಲೆ ನೆಂಟರ ನೆಂಟರು, ಊರೂರಿನವರು. ಅಣ್ಣ ಯಾರಿಗೂ ಇಲ್ಲವೆನ್ನಲಿಲ್ಲ. ಮದುವೆ ಕಾಲದಲ್ಲಿ ಮೂರ್ತಪ್ಪ ರಜೆ ಹಾಕಿದ, ಮತ್ತೆ ಹಾಕಿದ. ಕೊನೆಗೆ ಮಾಲೀಕರು ಬಸ್ಸಿಗೆ ಬೇರೆ ಡ್ರೈವರನ್ನು ಕೂರಿಸಿದರು. ಹೊಸಬ ಒಳ್ಳೆಯವನೇ, ಆದರೂ ನನಗೆ ಆ ಬಸ್ಸಿನ ಮೇಲೆ ಮನಸ್ಸು ಉಳಿಯಲಿಲ್ಲ.

ಎಪ್ಪತ್ತೆಂಟರಲ್ಲಿ ಮತ್ತೋಡಿನ ಒಂದು ಮದುವೆಗೆ ಹೋಗಿದ್ದೆ. ಮೆರವಣಿಗೆ ಹೊರಟಿತ್ತು. ಮುಂದೆ ಓಲಗ, ಅದರ ಹಿಂದೆ ಕುಣಿಯುವವರು, ಅವರ ಹಿಂದೆ ಡಾಜು. ಮೂರ್ತಪ್ಪ ನನ್ನನ್ನು ಕಂಡು ಪಕ್ಕದ ಬಾಗಿಲು ತೆಗೆದ. ಹತ್ತಿ ಕೂತೆ. ಅವನ ತಲೆ ನರೆತಿತ್ತು. ಗಾಡಿ ಮಗು ನಡೆಯುವಷ್ಟು ನಿಧಾನಕ್ಕೆ ಹೋಗುತ್ತಿತ್ತು. ಅವನ ಎಡಗಾಲು ಕ್ಲಚ್ಚಿನ ಮೇಲಿಂದ ಏಳಲೇ ಇಲ್ಲ.

ಹಿಂದೆ ಕೂತ ಮದುಮಕ್ಕಳಿಗೆ ಓಲಗದ ಗಲಾಟೆಯಲ್ಲಿ ನಮ್ಮ ಮಾತು ಕೇಳಿಸುವಂತಿರಲಿಲ್ಲ. "ಈಗಾದ್ರೂ ಒಂದ್ಸಲ ಅಣ್ಣಂಗೆ ನಿಜ ಹೇಳಿಬಿಡೋ" ಎಂದೆ.

"ಹೇಳಿ? ಆ ಬಯಲು ಬಿಟ್ಟುಕೊಡ್ತಾರಾ? ಆ ಮಧ್ಯಾಹ್ನ ವಾಪಸ್ ಬರ್ತೈತಾ? ಅವನ ಗೆಲುವಾದ್ರೂ ಇರ್ಲಿ ಬಿಡು ಗೋವಿಂದಪ್ಪ."

"ಕೈಗೆ ಎಷ್ಟು ಬರ್ತೈತೆ ಅಂತ ನೋಡ್ಬೇಕು ಅಂತಿದ್ದೆಯಲ್ಲೋ."

ಅವನು ಸ್ಟೇರಿಂಗಿನ ಮೇಲಿದ್ದ ತನ್ನ ಕೈಯನ್ನು ನೋಡಿಕೊಂಡ. "ಇದನ್ನ ಎರಡನೇ ಗೇರಿನಾಗೆ ಜಾರಿಸಿ ಎಷ್ಟು ದಿನ ಆತೋ. ಮೊನ್ನೆ ಖಾಲಿ ರಸ್ತೇಲಿ ಬರ್ತಿದ್ದೆ, ತಿರುವಿನಾಗೆ ಜಾರಿಸಾಣ ಅಂತ ಕೈ ಹೋತು. ಯಾಕೋ ಹೆದರಿಕೆ ಆತು, ಬಿಟ್ಟೆ."

ಮುಂದೆ ದೊಡ್ಡತಿಮ್ಮಪ್ಪ ಪೇಟ ಸುತ್ತಿಕೊಂಡು ಜನರನ್ನು ಸರಿಸುತ್ತಾ ನಡೆಯುತ್ತಿದ್ದ. ಪಂದ್ಯ ಗೆದ್ದ ಗಾಡಿ, ದಾರಿ ಬಿಡ್ರಿ ಎಂದು ಕೂಗುತ್ತಿದ್ದ. ಕುಣಿಯುವವರು ಒಂದು ಕಡೆ ಸೇರಿಕೊಂಡರು. ಅವನು ಹಿಂದೆ ತಿರುಗಿ, ತಮ್ಮನ ಕಡೆ ನೋಡಿ ಅಕ್ಕರೆಯಿಂದ ಅಂಗೈ ಎತ್ತಿ ತೋರಿಸಿದ. ಇನ್ನೂ ನಿಧಾನ ಎಂದು.

ಮೂರ್ತಪ್ಪ ತಲೆಯಾಡಿಸಿ ಬ್ರೇಕು ಒತ್ತಿದ.